ಹಲ್ಲು ಕಿತ್ತ ಗಾಲಿ

ಫೆಬ್ರವರಿ ೬

ತಮ್ಮನಿಗೆ ಅಕ್ಕನ ಆಶೀರ್ವಾದ.

ನಾನು ಕ್ಷೇಮ, ಅಪ್ಪ ಕ್ಷೇಮ, ನಮ್ಮ ಗಡಗಡಪ್ಪ ಟ್ರ್ಯಾಕ್ಟರ್ ಮಾತ್ರ ಕ್ಷೇಮವಿಲ್ಲ. ಗಾಬರಿಯಾಗಬೇಡ, ಎಂಜಿನ್ನಿಗೆ ಏನೂ ಆಗಿಲ್ಲ. ಆಗಿರುವುದು ರಸ್ತೆಗೆ. ನಮ್ಮ ಮನೆಗೂ ಕೆಳಗಿನ ಹೊಲಕ್ಕೂ ನಡುವೆ ಇದ್ದ ಮಣ್ಣಿನ ದಾರಿಗೆ ಡಾಂಬರು ಹಾಕಿದ್ದಾರೆ. ಮೊನ್ನೆ ನಾನು ಎಂದಿನಂತೆ ಗಡಗಡಪ್ಪನನ್ನು ಹೊರಡಿಸಿಕೊಂಡು ಹೋದೆ. ದಾಟಿದ ಮೇಲೆ ತಿರುಗಿ ನೋಡುತ್ತೇನೆ, ಹೊಸ ಡಾಂಬರಿನ ಮೇಲೆ ಹಿಂದಿನ ಎರಡು ಗಾಲಿಗಳ ಕಬ್ಬಿಣದ ಹಲ್ಲುಗಳೂ ಸಾಲಾಗಿ ಮೂಡಿವೆ, ಯಾರೋ ರಸ್ತೆಯನ್ನು ಕಚ್ಚಿ ನೋಡಿ ಬಿಟ್ಟ ಹಾಗೆ. ರಸ್ತೆ ಮೇಸ್ತ್ರಿ ಸೈಕಲ್ಲನ್ನು ಅಲ್ಲೇ ಬಿಸಾಡಿ ಓಡಿ ಬಂದ.

"ಏನಮ್ಮಾ, ಇದೇನು ನಿಮ್ಮನೆ ಅಂಗಳಾನಾ? ಇನ್ನೊಂದ್ಸಲ ಈ ಹಲ್ಲಿನ ಗಾಲಿ ಇಲ್ಲಿ ಬಂದ್ರೆ ಗಾಡೀನೇ ಎತ್ತಿಸಿಬಿಡ್ತೀನಿ!"

ವಾಪಸು ಬರುವಾಗ ಹಲಗೆ ಹಾಸಿಕೊಂಡು ಬಂದೆ. ಹಲಗೆಗಳು ಸೌದೆಯಾದವು. ದಿನಾ ಹಾಗೆ ದಾಟಲು ಸಾಧ್ಯವಿಲ್ಲ.

ಅಪ್ಪ ಇದನ್ನೇ ಕಾಯುತ್ತಿದ್ದರೇನೋ. "ಬಿತ್ತನೆಯ ಹದ ಬರೋಷ್ಟರಲ್ಲಿ ಉಳೋಕಾಗಲ್ಲ ಅಂದ್ರೆ ಆ ಹೊಲಾನ ಪಕ್ಕದವರಿಗೆ ಗುತ್ತಿಗೆಗೆ ಕೊಟ್ಬಿಡ್ತೀನಿ. ನೀನು ಮನೇಲಿ ಆರಾಮಾಗಿರು" ಎಂದರು. ಅವರ ಸೊಂಟ ಬಿದ್ದ ವರ್ಷದಿಂದ ಆ ಹೊಲವನ್ನು ಉತ್ತವಳು ನಾನು. ಆರಾಮಾಗಿರು ಎಂದರೆ ಏನು ಮಾಡಬೇಕು, ಗೋಡೆ ನೋಡಿಕೊಂಡು ಕೂರಬೇಕೆ? ನನ್ನಿಂದ ಆಗದ ಮಾತು.

ಹಲ್ಲಿನ ಗಾಲಿಯ ಹೊರಬಳೆ ಕತ್ತರಿಸಿ ತೆಗೆದು, ಆ ಜಾಗಕ್ಕೆ ರಬ್ಬರ್ ಟೈರಿನ ರಿಮ್ಮು ಬೆಸೆಯುತ್ತಾರಂತೆ. ನೀನು ಹಡಗು ಬೆಸೆಯುವವನು, ನಿನಗೆ ಇದು ಎಡಗೈ ಕೆಲಸ. ಒಂದು ವಾರ ರಜೆ ಹಾಕಿ ಬಾ.

ನಿನ್ನ ಅಕ್ಕ,
ಸುತ್ತಿಗೆ

•

ಫೆಬ್ರವರಿ ೧೭

ಸುತ್ತಿಗೆ ಅಕ್ಕನಿಗೆ ನಮಸ್ಕಾರ.

ಪತ್ರ ಓದಿ ನಗು ತಡೆಯಲಾಗಲಿಲ್ಲ. ಗಡಗಡಪ್ಪನ ಹಲ್ಲಿಗೆ ಕೊನೆಗೂ ಒಬ್ಬ ವೈದ್ಯ ಸಿಕ್ಕಿದನಲ್ಲ.

ಆದರೆ ಈಗ ಬರಲಾಗುವುದಿಲ್ಲ. ದೊಡ್ಡ ಹಡಗೊಂದು ರಿಪೇರಿಗೆ ಬಂದು ನಿಂತಿದೆ, ಯಾರಿಗೂ ರಜೆ ಕೊಡುತ್ತಿಲ್ಲ. ಪಂಪು ರಿಪೇರಿಯವರ ಬಳಿ ವೆಲ್ಡಿಂಗ್ ಯಂತ್ರ ಇದೆಯಲ್ಲ, ಅವರನ್ನೇ ಕೇಳು. ನಾನು ವಿವರವಾಗಿ ಬರೆಯುವವರೆಗೆ ಒಂದು ಮೊಳೆಯನ್ನೂ ಮುಟ್ಟಬೇಡ. ನಿನ್ನ ಕೈಗೆ ಎಷ್ಟು ಅವಸರ ಎನ್ನುವುದು ನನಗೆ ಗೊತ್ತು. ಅಪ್ಪ ನಿನಗೆ ಸುಮ್ಮನೆ ಸುತ್ತಿಗೆ ಎಂದು ಹೆಸರಿಡಲಿಲ್ಲ.

ಅಕ್ಷರ ದಪ್ಪವಾಗಿದೆ ಎಂದು ಬೈಯಬೇಡ, ಪೆನ್ನು ಕೆಟ್ಟಿದೆ.

ಕಿಡಿ

•

ಮಾರ್ಚ್ ೧

ತಮ್ಮಾ,

ಪಂಪು ರಿಪೇರಿಯವರನ್ನು ಕೇಳಿದೆ. "ಯಂತ್ರ ಬೇಕಾದ್ರೆ ತಗೊಂಡ್ಹೋಗಮ್ಮ, ರಾಡೂ ಕೊಡ್ತೀನಿ. ನಿಮ್ಮಪ್ಪನ ಟ್ರ್ಯಾಕ್ಟರಿಗೆ ಮಾತ್ರ ನನ್ನ ಕೈ ಹಾಕ್ಸಬೇಡ. ನಾಳೆ ಗಾಲಿ ಕಳಚಿದ್ರೆ ಅವರು ನನ್ನ ಜನ್ಮ ಜಾಲಾಡಿಬಿಡ್ತಾರೆ" ಎಂದು ಕೈತೊಳೆದುಕೊಂಡರು. ಗುಜರಿ ಅಂಗಡಿಯಲ್ಲಿ ಮುರಿದ ಟ್ರ್ಯಾಕ್ಟರಿನ ಎರಡು ಹಿಂದಿನ ರಿಮ್ಮುಗಳು ಸಿಕ್ಕಿವೆ, ಟೈರುಗಳು ಪರವಾಗಿಲ್ಲ. ಗಾಡಿಯಲ್ಲಿ ಹೇರಿಸಿ ಕೊಟ್ಟಿಗೆಗೆ ತಂದು ಹಾಕಿದ್ದೇನೆ.

ಅಪ್ಪ ಕೋಲೂರಿಕೊಂಡು ಬಂದು ಟೈರನ್ನು ಬೆರಳಲ್ಲಿ ಒತ್ತಿ ನೋಡಿದರು. "ಗಾಳಿ ತುಂಬಿದ ಚೀಲ. ಇದು ಮಣ್ಣು ಹಿಡಿಯುತ್ತಾ?" ಎಂದು ನಕ್ಕು ಹೋದರು. ಆ ಹಲ್ಲುಗಳೆಲ್ಲ ಅವರು ಕುಲುಮೆಯಲ್ಲಿ ಕಾಸಿ ತಮ್ಮ ಕೈಯಿಂದಲೇ ಬಡಿದವು. ಅವರಿಗೆ ಹೊಟ್ಟೆ ಉರಿಯುವುದು ಸಹಜ. ಆದರೆ ಮಗಳ ಹೊಟ್ಟೆಯ ಬಗ್ಗೆ ಯೋಚನೆ ಬೇಡವೆ?

ಇನ್ನು ನಿನ್ನ ವಿಷಯ. ರಜೆ ಸಿಗುವುದಿಲ್ಲ ಎಂದರೆ ನಂಬಲು ನಾನೇನು ನಿನ್ನ ಮೇಲಧಿಕಾರಿಯೆ? ಅಪ್ಪನ ಎದುರು ನಿಂತು ಅವರ ಗಾಲಿ ಕತ್ತರಿಸಲು ನಿನಗೆ ಧೈರ್ಯವಿಲ್ಲ. ಬಾಲ ಮುದುರಿಕೊಂಡು ಅಲ್ಲೇ ಕೂತಿದ್ದೀಯ. ಇರಲಿ ಬಿಡು, ಬೆಸೆಯುವುದನ್ನೂ ನಾನೇ ಕಲಿಯುತ್ತೇನೆ. ಹೇಗೆಂದು ಬರಿ. ಭಾನುವಾರ ಕತ್ತರಿಸಲು ಶುರು ಮಾಡುತ್ತೇನೆ.

ಸುತ್ತಿಗೆ

•

ಮಾರ್ಚ್ ೯

ಅಕ್ಕ,

ಭಾನುವಾರ ಎಂದರೆ ಯಾವ ಭಾನುವಾರ? ಈ ಪತ್ರ ತಲುಪುವವರೆಗಾದರೂ ತಡೆದುಕೊಂಡಿರು ಎಂದು ಬೇಡಿಕೊಳ್ಳುತ್ತೇನೆ.

ಗಾಲಿಯನ್ನು ಬಿಚ್ಚಿ ನೆಲಕ್ಕೆ ಹಾಕಬೇಡ. ಅಚ್ಚಿನ ಮೇಲೆಯೇ ಇರಲಿ. ಟ್ರ್ಯಾಕ್ಟರನ್ನು ಜಾಕಿಯ ಮೇಲೆ ಎತ್ತಿ, ಕೆಳಗೆ ಮರದ ದಿಮ್ಮಿ ಕೊಟ್ಟು ಭದ್ರ ಮಾಡು. ಪಕ್ಕದಲ್ಲಿ ಒಂದು ಗೂಟ ನೆಟ್ಟು ಅದಕ್ಕೆ ಸೀಮೆಸುಣ್ಣ ಕಟ್ಟು. ಗಾಲಿಯನ್ನು ಕೈಯಲ್ಲಿ ನಿಧಾನವಾಗಿ ತಿರುಗಿಸಿದರೆ, ನಡುವಿನ ಗುಂಬದಿಂದ ಹೊರಬಳೆಗೆ ಹೋಗುವ ಒಂದೊಂದು ಪಟ್ಟಿಯ ಮೇಲೂ ಸುಣ್ಣ ಗೆರೆ ಎಳೆಯುತ್ತದೆ. ಆ ಗೆರೆಗೆ ಸರಿಯಾಗಿ ಕತ್ತರಿಸು. ಅಪ್ಪನ ಅಳತೆ ಕೋಲನ್ನು ಮಾತ್ರ ಮುಟ್ಟಬೇಡ. ಗಾಲಿ ತಿರುಗುವುದು ಅಚ್ಚಿನ ಸುತ್ತ, ಕೋಲಿನ ಸುತ್ತ ಅಲ್ಲ.

ರಿಮ್ಮು ಕೂರಿಸಿದ ಮೇಲೆ ಎದುರುಬದುರು ಪಟ್ಟಿಗಳಿಗೆ ಒಂದೊಂದು ಚುಕ್ಕೆ ಬೆಸುಗೆ ಹಾಕು. ಮತ್ತೆ ತಿರುಗಿಸಿ ಸುಣ್ಣದಲ್ಲಿ ನೋಡು. ದುಂಡಗೆ ತಿರುಗಿದರೆ ಮಾತ್ರ ಪೂರ್ತಿ ಬೆಸೆ.

ಕರಿಗಾಜಿನ ಮುಖವಾಡ ಇಲ್ಲದೆ ಕಿಡಿ ಹೊತ್ತಿಸಬೇಡ. ಬೆಸುಗೆಯ ಮೇಲೆ ಕೂರುವ ಕಿಟ್ಟವನ್ನು ಬಡಿದು ತೆಗೆಯುವಾಗ ಬಿಳಿ ಕನ್ನಡಕ ಹಾಕಿಕೋ. ಮರೆಯಬೇಡ. ಮತ್ತೆ ಹೇಳುತ್ತೇನೆ, ಮರೆಯಬೇಡ.

ಕಿಡಿ

•

ಮಾರ್ಚ್ ೧೦

ತಮ್ಮಾ,

ನಿನ್ನ ಪತ್ರ ಇನ್ನೂ ಬಂದಿಲ್ಲ. ಕೆಲಸ ಸಾಗಿದೆ. ಇಲ್ಲಿ ಸೆಕೆ ಜಾಸ್ತಿ.

ಸುಮ್ಮನೆ ಒಂದು ಮಾತು ಕೇಳುತ್ತೇನೆ. ಯಾರೋ ಒಬ್ಬರು ಗಾಲಿ ಬಿಚ್ಚಿ ನೆಲಕ್ಕೆ ಹಾಕಿ, ಅಪ್ಪನ ಕೋಲಿನಿಂದ ಗುಂಬದ ಅಂಚಿನಿಂದ ಅಳೆದು, ಎಲ್ಲ ಪಟ್ಟಿಗಳನ್ನೂ ಒಂದೇ ಸಮ ಕತ್ತರಿಸಿದರು ಎಂದುಕೊ. ಬಲಗಾಲಿಗೆ ರಿಮ್ಮು ಉಂಗುರ ಕೂತ ಹಾಗೆ ಕೂತಿತು. ಎಡಗಾಲಿಯಲ್ಲಿ ಮಾತ್ರ ಒಂದು ಪಕ್ಕದ ಮೂರು ಪಟ್ಟಿಗಳಿಗೂ ರಿಮ್ಮಿಗೂ ನಡುವೆ ಬೆರಳು ತೂರುವಷ್ಟು ಸಂದು ಉಳಿಯಿತು. ಅಂಥವರು ಏನು ಮಾಡಬೇಕು?

ಬೇರೆ ಏನೂ ಇಲ್ಲ. ತಿಳಿದುಕೊಂಡಿರೋಣ ಎಂದು ಕೇಳಿದೆ.

ಸುತ್ತಿಗೆ

•

ಮಾರ್ಚ್ ೧೮

ಅಕ್ಕ,

ಆ "ಯಾರೋ ಒಬ್ಬರಿಗೆ" ನನ್ನ ಸಾಷ್ಟಾಂಗ ನಮಸ್ಕಾರ ತಿಳಿಸು.

ತಪ್ಪು ನಿನ್ನ ಅಳತೆಯದಲ್ಲ. ನೀನು ಸೋದರಮಾವನ ಮನೆಯಲ್ಲಿದ್ದ ವರ್ಷ ಗಡಗಡಪ್ಪ ಹಳ್ಳಕ್ಕೆ ಜಾರಿ ಎಡಗಾಲಿಯ ಗುಂಬ ಒಂದು ಪಕ್ಕಕ್ಕೆ ಜಜ್ಜಿಹೋಗಿತ್ತು. ಅಪ್ಪ ಗುಂಬ ಬದಲಿಸಲಿಲ್ಲ. ಪಟ್ಟಿಗಳನ್ನೇ ಒಂದು ಕಡೆ ಉದ್ದ, ಒಂದು ಕಡೆ ಗಿಡ್ಡ ಮಾಡಿ ಗಾಲಿ ದುಂಡಗೆ ತಿರುಗುವಂತೆ ಮಾಡಿದರು. ನಾನು ದೀಪ ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದೆ. ಆ ಗಾಲಿಗೆ ಸಮ ಅಳತೆ ಆಗಿಬರುವುದಿಲ್ಲ.

ಕೆಟ್ಟಿಲ್ಲ, ಸರಿಮಾಡಬಹುದು. ಗಾಲಿಯನ್ನು ಮತ್ತೆ ಅಚ್ಚಿಗೆ ಏರಿಸು. ಗಿಡ್ಡವಾದ ಪಟ್ಟಿಗಳಿಗೆ ಅದೇ ದಪ್ಪದ ಒಳ್ಳೆಯ ಕಬ್ಬಿಣದ ತುಂಡು ಒತ್ತು ಕೊಟ್ಟು ಬೆಸೆಯಬೇಕು. ತಗಡು ಹಾಕಿದರೆ ಮೊದಲ ಉಳುಮೆಗೇ ಹರಿಯುತ್ತದೆ.

ಅದಕ್ಕೂ ಮೊದಲು ಗುಜರಿ ತುಂಡುಗಳ ಮೇಲೆ ಬೆಸೆದು ಬೆಸೆದು ಕೈ ಪಳಗಿಸಿಕೋ. ಕಣ್ಣಿಗಿಂತ ಕಿವಿಯನ್ನು ನಂಬು. ರಾಡು ಸರಿಯಾದ ದೂರದಲ್ಲಿದ್ದರೆ ಕಾದ ಬಾಣಲೆಯಲ್ಲಿ ಏನೋ ಕರಿಯುತ್ತಿರುವ ಹಾಗೆ ಒಂದೇ ಸಮನೆ ಚುರಚುರ ಎನ್ನುತ್ತದೆ. ಪಟಪಟ ಎಂದು ಸಿಡಿದರೆ ದೂರವಾಯಿತು, ಸದ್ದು ನಿಂತು ಅಂಟಿಕೊಂಡರೆ ಹತ್ತಿರವಾಯಿತು. ಬೆಸೆದ ತುಂಡನ್ನು ಇಕ್ಕಳದಲ್ಲಿ ಹಿಡಿದು ಬಡಿ. ಬೆಸುಗೆ ಬಿಟ್ಟರೆ ಮತ್ತೆ ಮಾಡು. ಪಟ್ಟಿ ಬಗ್ಗಬೇಕು, ಬೆಸುಗೆ ಬಿಡಬಾರದು.

ಮುಖವಾಡ ಸಿಕ್ಕಿತೇ? ಗಾಜಿನಲ್ಲಿ ಬಿರುಕಿಲ್ಲ ತಾನೆ? ಕನ್ನಡಕ?

ಕಿಡಿ

•

ಮಾರ್ಚ್ ೨೯

ತಮ್ಮಾ,

ಸರಿ, ಯಾರೋ ಒಬ್ಬರು ನಾನೇ. ಈಗ ಸಂತೋಷವಾಯಿತೆ?

ಐದಾರು ದಿನದಿಂದ ಬೆಸೆಯುತ್ತಿದ್ದೇನೆ. ಮೊದಮೊದಲು ಹಕ್ಕಿ ಹಿಕ್ಕೆ ಹಾಕಿದ ಹಾಗೆ ಬೀಳುತ್ತಿತ್ತು. ಬಡಿದರೆ ಸಾಕು, ಬೇರೆ ಬೇರೆ. ಪಂಪು ರಿಪೇರಿಯವರು ಬಂದು ನೋಡಿ, "ಅಮ್ಮಾ, ರಾಡು ಹಿಡ್ಕೊಂಡಿದೀಯೋ, ಹಾವು ಹಿಡ್ಕೊಂಡಿದೀಯೋ?" ಎಂದರು. ಅವರು ಹೋದ ಮೇಲೆ ಹಲ್ಲು ಕಚ್ಚಿ ಮತ್ತೆ ಕೂತೆ. ಮೊನ್ನೆ ಮೊದಲ ಸಲ ನೀನು ಹೇಳಿದ ಚುರಚುರ ಕೇಳಿಸಿತು. ಸುತ್ತಿಗೆಯಲ್ಲಿ ಬಡಿದೆ. ಪಟ್ಟಿ ಬಗ್ಗಿತು, ಬೆಸುಗೆ ಬಿಡಲಿಲ್ಲ! ಕೊಟ್ಟಿಗೆಯಲ್ಲಿ ಒಬ್ಬಳೇ ಕುಣಿದಾಡಿದೆ. ಹೇಳಿಕೊಳ್ಳೋಣವೆಂದರೆ ಎದುರಿಗೆ ಅಪ್ಪ ಒಬ್ಬರೇ. ಬಾಗಿಲ ಬಳಿ ಸ್ಟೂಲು ಹಾಕಿಕೊಂಡು ದಿನವಿಡೀ ನೋಡುತ್ತಾರೆ, ತುಟಿ ಬಿಚ್ಚುವುದಿಲ್ಲ.

ಒಂದು ದಿನ ಮುಖವಾಡವನ್ನು ಮುಖದ ಮೇಲೆ ಇಳಿಸುವ ಮೊದಲೇ ಕಿಡಿ ಹೊತ್ತಿತು. ಕಣ್ಣೊಳಗೆ ಮರಳು ಸುರಿದ ಹಾಗಾಗಿ ರಾತ್ರಿಯೆಲ್ಲ ಒದ್ದಾಡಿದೆ. ಬೆಳಿಗ್ಗೆ ಸರಿಹೋಯಿತು, ಬೈಯಬೇಡ. ಒಂದೊಂದು ಪತ್ರದಲ್ಲೂ ಮುಖವಾಡ, ಕನ್ನಡಕ, ಮುಖವಾಡ, ಕನ್ನಡಕ. ಅಮ್ಮ ಇದ್ದಿದ್ದರೂ ಇಷ್ಟು ಜಪ ಮಾಡುತ್ತಿರಲಿಲ್ಲ.

ಈಗ ನಿಜವಾಗಿ ಕೇಳುತ್ತೇನೆ. ಗುಜರಿ ತುಂಡು ಬೇರೆ, ಗಾಲಿ ಬೇರೆ. ಅದರ ಮೇಲೆ ಕೂತು ಹೋಗುವವಳು ನಾನು. ಮೋಡ ಕಟ್ಟುವುದಕ್ಕೆ ಇನ್ನು ಬಹಳ ದಿನ ಇಲ್ಲ. ಪಕ್ಕದವರು ಆಗಲೇ ಎರಡು ಸಲ ಅಪ್ಪನ ಹತ್ತಿರ ಬಂದು ಕಾಲ ಮೇಲೆ ಕಾಲು ಹಾಕಿಕೊಂಡು ಕೂತು ಹೋದರು. ಒಂದೇ ಒಂದು ದಿನ ಬಂದು ಆ ಮೂರು ಪಟ್ಟಿಗಳನ್ನು ಬೆಸೆದು ಹೋಗು. ಆಮೇಲೆ ನಿನ್ನ ಹಡಗು, ನೀನು. ಅದಕ್ಕೂ ಬರುವುದಿಲ್ಲ ಎಂದರೆ, ನೀನು ದೊಡ್ಡವನಾಗಿದ್ದೀಯ, ನಮ್ಮ ಕಬ್ಬಿಣ ನಿನಗೆ ಚಿಕ್ಕದಾಗಿದೆ ಎಂದುಕೊಳ್ಳುತ್ತೇನೆ. ಮತ್ತೆ ಬರೆಯುವುದಿಲ್ಲ.

ಸುತ್ತಿಗೆ

•

ಏಪ್ರಿಲ್ ೫

ಅಕ್ಕ,

ಪೆನ್ನು ಕೆಟ್ಟಿಲ್ಲ. ಕೆಟ್ಟಿರುವುದು ಕಣ್ಣು.

ಹೋದ ಮಳೆಗಾಲದಲ್ಲಿ ಕಿಟ್ಟ ಬಡಿಯುತ್ತಿದ್ದೆ. ಕನ್ನಡಕ ಹಣೆಯ ಮೇಲಿತ್ತು, ಒಂದೇ ಏಟು ತಾನೇ ಎಂದುಕೊಂಡೆ. ಚೂರು ಸಿಡಿದು ಬಲಗಣ್ಣಿಗೆ ಹೋಯಿತು. ಆ ಕಣ್ಣು ಹೋಯಿತು. ಎಡಗಣ್ಣಿನಿಂದ ಕಾಣುತ್ತದೆ, ಆದರೆ ಜಾಗ್ರತೆಯಾಗಿ ಉಳಿಸಿಕೊಳ್ಳಬೇಕು, ಬೆಸುಗೆಯ ಬೆಳಕಿನ ಹತ್ತಿರವೂ ಸುಳಿಯಬೇಡ ಎಂದು ವೈದ್ಯರು ಹೇಳಿದ್ದಾರೆ. ಈಗ ನಾನು ಉಗ್ರಾಣದಲ್ಲಿದ್ದೇನೆ. ಬೆಳಿಗ್ಗೆ ಬೆಸುಗೆಯವರಿಗೆ ರಾಡು, ಕೈಗವಸು, ಕನ್ನಡಕ ಎಣಿಸಿ ಕೊಡುವುದು, ಸಂಜೆ ವಾಪಸು ತೆಗೆದುಕೊಳ್ಳುವುದು. ಯಾವ ಹಡಗೂ ನನಗಾಗಿ ಕಾಯುತ್ತಿಲ್ಲ.

ಹೇಳಲಾಗಲಿಲ್ಲ. ಅಪ್ಪ ಊರಲ್ಲೆಲ್ಲ "ನನ್ನ ಮಗ ಹಡಗು ಬೆಸೆಯೋನು" ಎಂದು ಹೇಳಿಕೊಂಡು ತಿರುಗುತ್ತಾರೆ. ನೀನು ಬಾ ಎಂದಾಗ ಬಂದು, ನಿನ್ನ ಎದುರು ಕೈಕಟ್ಟಿಕೊಂಡು ನಿಲ್ಲುವುದನ್ನು ನೆನೆಸಿಕೊಂಡರೆ ಎದೆ ಒಡೆಯುತ್ತಿತ್ತು. ಪತ್ರದಲ್ಲಾದರೂ ಇನ್ನೂ ಬೆಸುಗೆಯವನಾಗಿರೋಣ ಎಂದುಕೊಂಡೆ. ನಿನ್ನ ಒಂದೊಂದು ಪತ್ರ ಬಂದಾಗಲೂ ನನ್ನ ಕೈ ಚುರುಗುಟ್ಟುತ್ತಿತ್ತು ಅಕ್ಕ.

ಆ ಮೂರು ಪಟ್ಟಿಗಳನ್ನು ನೀನೇ ಬೆಸೆಯಬೇಕು. ಬಗ್ಗಿದ ಪಟ್ಟಿಯ ವಿಷಯ ಬರೆದೆಯಲ್ಲ, ಅದು ಸುಳ್ಳಲ್ಲದಿದ್ದರೆ ನಿನ್ನಿಂದ ಆಗುತ್ತದೆ. ಇನ್ನೊಂದು ಮಾತು, ಬರೀ ಗಾಳಿ ತುಂಬಿದರೆ ಕಬ್ಬಿಣದ ಭಾರವಿಲ್ಲದೆ ಗಾಲಿ ನಿಂತಲ್ಲೇ ಸುತ್ತುತ್ತದೆ. ಟ್ಯೂಬಿನ ಮುಕ್ಕಾಲು ಭಾಗ ನೀರು ತುಂಬಿಸು, ಮೇಲೆ ಗಾಳಿ.

ಅಪ್ಪನಿಗೆ ಹೇಳುವುದೂ ಬಿಡುವುದೂ ನಿನಗೆ ಬಿಟ್ಟದ್ದು.

ಕಿಡಿ

•

ಏಪ್ರಿಲ್ ೨೬

ನನ್ನ ತಮ್ಮನಿಗೆ,

ನಿನ್ನ ಪತ್ರ ಓದಿ ಕೊಟ್ಟಿಗೆಯಲ್ಲಿ ಕೂತು ಅತ್ತೆ. ಬಾಲ ಮುದುರಿಕೊಂಡವನು ಎಂದು ಬರೆದ ಕೈಯನ್ನು ಕತ್ತರಿಸಿಕೊಳ್ಳೋಣ ಎನಿಸಿತು. ಆಮೇಲೆ ಆ ಕೈಯಿಂದ ಇನ್ನೂ ಕೆಲಸವಿದೆ ಎಂದು ನೆನಪಾಗಿ ಎದ್ದೆ. ಅಕ್ಕನ ಮಾತನ್ನು ಹೊಟ್ಟೆಗೆ ಹಾಕಿಕೋ.

ಅಪ್ಪನಿಗೆ ಹೇಳಿದೆ. ಮುಚ್ಚಿಡುವುದು ನನ್ನಿಂದ ಆಗಲಿಲ್ಲ. ಅವರು ಕೇಳಿದ್ದು ಒಂದೇ. "ಒಂದು ಕಣ್ಣು ಚೆನ್ನಾಗಿದೆಯಂತಾ?" ಹೂಂ ಎಂದೆ. ಎದ್ದು ಹಿತ್ತಲಿಗೆ ಹೋದರು. ನಾನು ಹೊರಬಳೆಯಿಂದ ಬಿಚ್ಚಿ ಎಸೆದಿದ್ದ ಹಲ್ಲುಗಳ ರಾಶಿ ಅಲ್ಲೇ ಬಿದ್ದಿತ್ತು. ಅದರಲ್ಲಿ ಆರಿಸಿ ಆರಿಸಿ ಮೂರು ಹಲ್ಲುಗಳನ್ನು ಪಂಚೆಯಲ್ಲಿ ಒರೆಸಿಕೊಂಡು ತಂದು ನನ್ನ ಮುಂದೆ ಇಟ್ಟರು.

"ಪಟ್ಟಿಗೆ ಒತ್ತು ಕೊಡೋಕೆ ಇದನ್ನ ಹಾಕು. ದಪ್ಪ ಸರಿಹೋಗುತ್ತೆ. ನಾನೇ ಬಡಿದಿದ್ದು, ಮೋಸ ಮಾಡಲ್ಲ."

"ಎಡಗಾಲಿ ಗುಂಬ ಜಜ್ಜಿರೋದು ನಿಮಗೆ ಗೊತ್ತಿತ್ತಲ್ಲಪ್ಪ. ನಾನು ಕೋಲು ಹಿಡ್ಕೊಂಡು ಅಳೀತಿದ್ದಾಗ ಯಾಕೆ ಸುಮ್ನಿದ್ರಿ?"

"ಕೆಟ್ಟರೆ ಕೈಬಿಡ್ತೀಯ ಅಂದ್ಕೊಂಡೆ."

"ಬಿಡಲಿಲ್ವಲ್ಲ."

"ಬಿಡಲಿಲ್ಲ" ಎಂದರು. ಸ್ಟೂಲನ್ನು ಬಾಗಿಲಿಂದ ಎತ್ತಿ ಗಾಲಿಯ ಪಕ್ಕಕ್ಕೆ ಹಾಕಿಕೊಂಡರು. ನನಗೆ ಕೋಪವೂ ಬಂತು, ಅಳುವೂ ಬಂತು. ಯಾವುದಕ್ಕೂ ಪುರುಸೊತ್ತಿರಲಿಲ್ಲ.

ಗಾಲಿ ಏರಿಸಿದೆವು. ಸೀಮೆಸುಣ್ಣ ಹಿಡಿದವರು ಅಪ್ಪ, ತಿರುಗಿಸಿದವಳು ನಾನು. ಒಂದೊಂದು ಹಲ್ಲನ್ನೂ ಬೇಕಾದಷ್ಟಕ್ಕೆ ಕತ್ತರಿಸಿ, ಉಜ್ಜಿ, ಸಂದಿಗೆ ಕೂರಿಸಿದೆ. ಎದುರುಬದುರು ಚುಕ್ಕೆ ಹಾಕಿ ತಿರುಗಿಸಿ ನೋಡಿದರೆ ಇನ್ನೂ ಒಂದು ಕೂದಲೆಳೆಯಷ್ಟು ಓಲಾಡುತ್ತಿತ್ತು. "ಇಷ್ಟು ಸಾಕು" ಎಂದೆ. "ಸಾಕಾಗಲ್ಲ" ಎಂದರು. ಒಡೆದು ಮತ್ತೆ ಹಾಕಿದೆ. ಆಮೇಲೆ ಮುಖವಾಡ ಇಳಿಸಿ ಕಿವಿಗೊಟ್ಟು ಎರಡೂ ಗಾಲಿಗಳನ್ನು ಬೆಸೆದೆ. ನೀನು ಪಕ್ಕದಲ್ಲಿ ನಿಂತು ಹತ್ತಿರ, ದೂರ, ಹಾಂ, ಹಾಗೇ ಎನ್ನುತ್ತಿರುವಂತೆ ಅನಿಸುತ್ತಿತ್ತು. ಕಿಟ್ಟ ಬಡಿಯುವ ಮೊದಲು ಕನ್ನಡಕ ಹಾಕಿಕೊಂಡೆ. ಅಪ್ಪನಿಗೂ ಒಂದು ಹಾಕಿಸಿದೆ.

ಸೋಮವಾರ ಗಡಗಡಪ್ಪ ಹೊರಟ. ಗಡಗಡ ಸದ್ದೇ ಇಲ್ಲ, ಬರೀ ಎಂಜಿನ್ನಿನ ಸದ್ದು. ಕೂತವಳ ಬೆನ್ನಿಗೂ ಗೊತ್ತಾಯಿತು. ಮುಂದಿನ ಎರಡು ಗಾಲಿ ಇನ್ನೂ ಕಬ್ಬಿಣದವೇ. ಅವಕ್ಕೆ ಹಲ್ಲಿಲ್ಲವಾದರೂ ನಡುವೆ ಸುತ್ತಲೂ ಉಬ್ಬಿ ನಿಂತ ಏಣು ಇದೆ, ಸದ್ಯಕ್ಕೆ ಹಳೆಯ ಯಂತ್ರದ ಬೆಲ್ಟು ಸುತ್ತಿದ್ದೇನೆ. ರಸ್ತೆ ಮೇಸ್ತ್ರಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದ. ನಾನು ದಾಟಿದ ಮೇಲೆ ಬಗ್ಗಿ ಡಾಂಬರನ್ನು ಅಂಗೈಯಿಂದ ಸವರಿ ಸವರಿ ನೋಡಿದ. ಏನೂ ಸಿಗಲಿಲ್ಲ. "ಹೋಗಿ ಹೋಗಿ" ಎಂದು ನಿರಾಸೆಯಿಂದ ಹೇಳಿದ.

ನೀರು ತುಂಬಿದ ಗಾಲಿ ಮಣ್ಣು ಹಿಡಿಯಿತು ತಮ್ಮಾ. ಕೆಳಗಿನ ಹೊಲವನ್ನು ಆ ತುದಿಯಿಂದ ಈ ತುದಿಯವರೆಗೆ ಉತ್ತಿದ್ದೇನೆ. ಮೂರೂ ಬೆಸುಗೆಗಳನ್ನು ಪ್ರತಿ ಸಂಜೆ ಬಡಿದು ನೋಡುತ್ತೇನೆ, ಗಂಟೆಯಂತೆ ಮೊಳಗುತ್ತವೆ. ಪಕ್ಕದವರು ಬಂದಿದ್ದರು. ಅಪ್ಪ ಕೂರಿಸಿ ನೀರು ಕೊಟ್ಟು, "ಹೊಲ ನನ್ನ ಮಗಳು ಉಳ್ತಾಳೆ. ಗಾಲೀನ ಮಕ್ಕಳಿಬ್ಬರೂ ಸೇರಿ ಬೆಸೆದ್ರು" ಎಂದು ಹೇಳಿ ಕಳಿಸಿದರು. ಇಬ್ಬರೂ ಎಂದರು, ನಾನು ಸೇರಿಸಿ ಬರೆದದ್ದಲ್ಲ.

ಈಗಲಾದರೂ ಬರುತ್ತೀಯಾ? ಬೆಸೆಯಲು ಕರೆಯುತ್ತಿಲ್ಲ. ಬಾ, ಅಷ್ಟೇ.

ಸುತ್ತಿಗೆ

•

ಮೇ ೪

ಅಕ್ಕ,

ನಿನ್ನ ಪತ್ರವನ್ನು ಉಗ್ರಾಣದ ಕಿಟಕಿಯ ಬೆಳಕಿನಲ್ಲಿ ಮೂರು ಸಲ ಓದಿದೆ. ಜೊತೆಯ ಬೆಸುಗೆಯವರಿಗೂ ಓದಿ ಹೇಳಿದೆ. ಕೂದಲೆಳೆಗಾಗಿ ಒಡೆದು ಮತ್ತೆ ಹಾಕಿದ್ದನ್ನು ಕೇಳಿ ಅವರಲ್ಲೊಬ್ಬ, "ನಿಮ್ಮಕ್ಕನಿಗೆ ಇಲ್ಲಿ ಕೆಲಸ ಬೇಕಾ ಕೇಳು" ಎಂದ. ಬೇಡ, ಅವಳಿಗೆ ಹೊಲವಿದೆ ಎಂದೆ.

ರಜೆ ಹಾಕಿದ್ದೇನೆ. ಹನ್ನೆರಡನೆಯ ತಾರೀಕಿನ ರೈಲಿಗೆ ಹೊರಡುತ್ತೇನೆ.

ಮುಂದಿನ ಗಾಲಿಗಳನ್ನು ಮುಟ್ಟಬೇಡ. ಕಿಡಿ ಹೊತ್ತಿಸುವಾಗ ನಾನು ಗೋಡೆಗೆ ಮುಖ ಮಾಡಿ ನಿಲ್ಲುತ್ತೇನೆ, ಕಿವಿಯಿಂದಲೇ ಹೇಳುತ್ತೇನೆ. ಸುಣ್ಣ ಹಿಡಿಯಲು ಒಂದು ಕಣ್ಣು ಬೇಕಾದಷ್ಟಾಯಿತು. ನಾನು ಬರುವವರೆಗೆ ಕತ್ತರಿಸಬೇಡ. ಈ ಸಲವಾದರೂ ನನ್ನ ಮಾತು ಕೇಳು.

ಕಿಡಿ

•

ತಂತಿ
ಮೇ ೧೦

ಪತ್ರ ಈಗ ಬಂತು. ಒಂದು ಕತ್ತರಿಸಿಯಾಗಿದೆ. ಇನ್ನೊಂದು ನಿನಗೆ ಇಟ್ಟಿದ್ದೇನೆ. ಅಪ್ಪ ಸುಣ್ಣ ತಂದಿದ್ದಾರೆ. ಬೇಗ ಬಾ.

ಸುತ್ತಿಗೆ